ದೇಹಕ್ಕೆ ಸೋಮವಾರ, ಮನಸ್ಸಿಗೆ ಮಂಗಳವಾರ

ಶಿರಸಿ ಕಡೆಯ ತೋಟದವರೊಬ್ಬರು ಆಗಾಗ ದೇವಿಮನೆ ಘಟ್ಟ ಇಳಿದು ಕರಾವಳಿಗೆ ಬರುತ್ತಾರೆ. ಊರಲ್ಲಿ ಯಾರಾದರೂ ಕೇಳಿದರೆ ಕುಮಟೆಯಲ್ಲಿ ಅಜ್ಜನ ಕಾಲದ ಜಮೀನಿನ ಕೇಸು ಇದೆ ಅನ್ನುತ್ತಾರೆ. ಒಳ್ಳೆಯ ನೆಪ. ಜಮೀನಿನ ಕೇಸು ಯಾವಾಗ ಮುಗಿಯುತ್ತದೆ ಅಂತ ಯಾರೂ ಕೇಳುವುದಿಲ್ಲ.

ನಿಜವಾಗಿ ಅವರು ಬರುವುದು ಎಚ್‌ಐವಿ ಮಾತ್ರೆಗೆ. ಹತ್ತಿರದಲ್ಲೇ ತಗೊಳ್ಳಬಹುದಲ್ವಾ ಅಂದೆ. "ಬೆಳಗ್ಗೆ ಅಲ್ಲಿ ಸಾಲಲ್ಲಿ ನಿಂತರೆ ಮಧ್ಯಾಹ್ನದೊಳಗೆ ಅಡಿಕೆ ವ್ಯಾಪಾರಕ್ಕೆ ಕೂತವರ ಬಾಯಲ್ಲಿ ಇರ್ತೇನೆ ಮಾರಾಯ್ರೇ" ಅಂದರು. ಅವರ ಹೆಸರು ನಾನು ಹೇಳುವುದಿಲ್ಲ. 2017ರ ಎಚ್‌ಐವಿ ಕಾಯ್ದೆ ಹಾಗೆ ಬಾಯಿಬಿಡಬೇಡಿ ಅನ್ನುತ್ತದೆ. ಹೆಸರು ಹೇಳುವ ಕೆಲಸವನ್ನು ಆಸ್ಪತ್ರೆಯ ಬಾಗಿಲೇ ಮಾಡುತ್ತದೆ. ಹೊರರೋಗಿಗಳ ಸಾಲಿಗೆ ಎದುರಾಗಿ ಎಚ್‌ಐವಿಯವರ ಕೋಣೆ. ಮೇಲೆ ದೊಡ್ಡದಾಗಿ ಕೆಂಪು ರಿಬ್ಬನ್ ಚಿತ್ರ, ಕೆಳಗೆ "ಆಪ್ತ ಸಮಾಲೋಚನೆ". ಒಳಗೆ ಗೋಡೆಯ ಬದಲು ಒಂದು ಕಪಾಟು, ಒಂದು ಪರದೆ. ಆಚೆ ಬದಿಯಲ್ಲಿ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದ ತಾಯಂದಿರು. ಅಲ್ಲಿ ಎಲ್ಲರೂ ಆಪ್ತರೇ.

ಮಾತ್ರೆಯ ಬಗ್ಗೆ ದೂರಿಲ್ಲ. 2004ರ ಏಪ್ರಿಲ್‌ನಿಂದ ಸರ್ಕಾರ ಪುಕ್ಕಟೆ ಕೊಡುತ್ತಿದೆ. ಹಿಡಿ ಮಾತ್ರೆಯ ಕಾಲ ಹೋಗಿ ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ. ತಪ್ಪದೆ ತಗೊಂಡರೆ ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಆಗ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ತೊಡಕಿರುವುದು "ತಪ್ಪದೆ" ಅನ್ನುವ ಪದದಲ್ಲಿ. ಹಾಸಿಗೆಯಿಂದ ಏಳಲಿಕ್ಕೇ ಮನಸ್ಸಿಲ್ಲದವರಿಗೆ ಮಾತ್ರೆ ನೆನಪಾಗುವುದು ಹೇಗೆ?

ಇದು ಆಸ್ಪತ್ರೆಗೂ ಗೊತ್ತು. ಅದಕ್ಕೇ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ಕಳೆದ ಎರಡು ವಾರಗಳಲ್ಲಿ ನಿದ್ದೆ ಹೇಗೆ, ಹಸಿವು ಹೇಗೆ, ಬೇಸರ ಎಷ್ಟು ದಿನ. ಒಟ್ಟು 27 ಅಂಕ, ಹತ್ತು ಮುಟ್ಟಿದರೆ ಗಮನಿಸಬೇಕು. ಪಾಪ, ಸಮಾಲೋಚಕಿ ಕೇಳಿದರು. ಗುತ್ತಿಗೆ ಕೆಲಸದವರು, ಮೇಜಿನ ಮೇಲೆ ರಿಜಿಸ್ಟರ್‌ಗಳ ರಾಶಿ, ಅದರ ನಡುವೆಯೂ ಕೇಳಿದರು. ನಮ್ಮ ತೋಟದವರಿಗೆ 14 ಬಂತು. ಶಾಲೆಯಲ್ಲೂ ಇಷ್ಟು ಬಂದಿರಲಿಲ್ಲ ಅಂತ ಅವರೇ ನಕ್ಕರು. ಸಮಾಲೋಚಕಿ ಒಂದು ಚೀಟಿ ಬರೆದುಕೊಟ್ಟರು: ಮನೋವೈದ್ಯರನ್ನು ಕಾಣಿ, ಮಂಗಳವಾರ.

ಅವತ್ತು ಸೋಮವಾರ.

ಅಂದರೆ ದೇಹ ಸೋಮವಾರ ಬರಬೇಕು, ಮನಸ್ಸು ಮಂಗಳವಾರ. ಬಸ್ಸಿನಲ್ಲಿ ಎರಡಕ್ಕೂ ಬೇರೆ ಬೇರೆ ಟಿಕೆಟ್. ಮಳೆಗಾಲದಲ್ಲಿ ಘಟ್ಟ ಕುಸಿದರೆ ಎರಡೂ ಮನೆಯಲ್ಲೇ.

ಎಚ್‌ಐವಿ ಕಾಯ್ದೆಗೂ ಮಾನಸಿಕ ಆರೋಗ್ಯ ಕಾಯ್ದೆಗೂ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2017ರ ಏಪ್ರಿಲ್‌ನಲ್ಲೇ. ಒಂದಕ್ಕೊಂದು ಹದಿಮೂರು ದಿನಗಳ ಅಂತರ. ಅವಳಿ ಅನ್ನಲು ಅಡ್ಡಿಯಿಲ್ಲ. ಆದರೆ ಹುಟ್ಟಿದ ಮೇಲೆ ಪಾಲಾಗಿವೆ. ಒಂದಕ್ಕೆ ಒಂದು ಕಟ್ಟಡ, ಒಂದು ರಿಜಿಸ್ಟರ್, ಒಂದು ವಾಟ್ಸಾಪ್ ಗುಂಪು. ಇನ್ನೊಂದಕ್ಕೆ ಇನ್ನೊಂದು.

ಕಳೆದ ತಿಂಗಳು ನನಗೂ ಒಂದು ಆಮಂತ್ರಣ ಬಂತು. ಕಾರವಾರದ ಕಡಲಂಚಿನ ಹೋಟೆಲ್‌ನಲ್ಲಿ "ಅನುಷ್ಠಾನ ವಿಜ್ಞಾನ" ಕಾರ್ಯಾಗಾರ. ಸಂಶೋಧನೆಯಲ್ಲಿ ಫಲ ಕೊಟ್ಟದ್ದನ್ನು ನಿತ್ಯದ ಚಿಕಿತ್ಸೆಗೆ ಇಳಿಸುವುದು ಹೇಗೆ ಅನ್ನುವ ವಿದ್ಯೆಯಂತೆ. ನಮ್ಮ ಕಡೆ ಅನುಷ್ಠಾನ ಅಂದರೆ ಬೆಳಗ್ಗೆ ಮಿಂದು ಮಡಿಯುಟ್ಟು ಜಪಕ್ಕೆ ಕೂರುವುದು. ಹೋಗಿ ನೋಡಿದರೆ ಬಹಳ ಬೇರೆಯೇನಲ್ಲ. ಇಲಾಖೆಗಳೆಲ್ಲ ಮಡಿಯಲ್ಲೇ ಕೂತಿದ್ದವು, ಒಬ್ಬರನ್ನೊಬ್ಬರು ಮುಟ್ಟದೆ.

ಭಾಷಣದವರು ಒಳ್ಳೆಯದನ್ನೇ ಹೇಳಿದರು, ಸುಳ್ಳು ಹೇಳಬಾರದು. ಸಂಶೋಧನೆಯಲ್ಲಿ ಕಂಡದ್ದು ರೋಗಿಯ ಬಳಿ ತಲುಪಲು ಸುಮಾರು 17 ವರ್ಷ ಹಿಡಿಯುತ್ತದೆ ಅಂತ ಈ ವಿದ್ಯೆಯವರು ಪದೇ ಪದೇ ಹೇಳುವ ಲೆಕ್ಕವಂತೆ. ಎರಡು ವರ್ಷಕ್ಕೊಂದು ಮಾರಿಕಾಂಬಾ ಜಾತ್ರೆ ಅಂದರೆ ಎಂಟು ಜಾತ್ರೆ ಆಗಿಹೋಯಿತು. ಆಮೇಲೆ ಜಿಂಬಾಬ್ವೆಯ ಹರಾರೆಯ ಬೆಂಚು ತೋರಿಸಿದರು. 2006ರಿಂದ ಅಲ್ಲಿ ತರಬೇತಿ ಪಡೆದ ಅಜ್ಜಿಯರು ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತು, ನೊಂದವರ ಮಾತು ಕೇಳುತ್ತಾರೆ. ಬರುವವರಲ್ಲಿ ಎಚ್‌ಐವಿ ಇದ್ದವರೂ ಬಹಳ. ನಮ್ಮಲ್ಲಿ ಅಜ್ಜಿಯರಿಗೇನು ಬರ? ಆದರೆ ನಮ್ಮ ಅಜ್ಜಿ ಮೊದಲು ಕೇಳುವುದು "ಯಾರ ಮನೆಯ ಮಾಣಿ ನೀನು?" ಅಂತ. ಅಲ್ಲಿಗೆ ಗುಟ್ಟು ಮುಗಿಯಿತು. ಅಜ್ಜಿಗೂ ತರಬೇತಿ ಬೇಕು.

ಅಷ್ಟು ದೂರ ಯಾಕೆ, ಕಾಳಿ ಸೇತುವೆ ದಾಟಿ ಮಾಜಾಳಿ ದಾಟಿದರೆ ಗೋವಾ. ಡಾಕ್ಟರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೂರಿಸಿದರೆ, ಖಿನ್ನತೆ ಇರುವವರು ಹೆಚ್ಚು ಚೇತರಿಸಿಕೊಳ್ಳುತ್ತಾರೆ ಅಂತ 2010ರಲ್ಲೇ ಅಲ್ಲಿ ಮಾಡಿ ತೋರಿಸಿದ್ದಾರೆ. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲೂ ಅಚ್ಚಾಯಿತು. ಲಂಡನ್ನಿಗೆ ತಲುಪಿತು, ಕಾಳಿ ದಾಟಲಿಲ್ಲ. ಬಂಗಡೆ ಲಾರಿ ದಿನವೂ ದಾಟುತ್ತದೆ. ಬಾಟಲಿಗಳೂ ಹೇಗೋ ದಾಟುತ್ತವೆ. ಚೆಕ್‌ಪೋಸ್ಟಿನ ಅಬಕಾರಿಯವರು ಡಿಕ್ಕಿ ತೆಗೆಸಿ ನೋಡಿ, ಈ ಒಂದನ್ನು ಮಾತ್ರ ಹಿಡಿದಿಟ್ಟುಕೊಂಡರಾ ಏನೋ. ಇರಲಿ, 2010ಕ್ಕೆ 17 ಸೇರಿಸಿದರೆ 2027. ಮುಹೂರ್ತ ತೀರಾ ದೂರವಿಲ್ಲ.

ಪಕ್ಕದ ಕುರ್ಚಿಯಲ್ಲಿ ಒಬ್ಬರು ತೂಕಡಿಸುತ್ತಿದ್ದರು. ಮಾತಾಡಿಸಿದೆ. ಮನೋವೈದ್ಯರು, ನಮ್ಮ ತೋಟದವರ ಚೀಟಿಯಲ್ಲಿದ್ದ ಅದೇ ಆಸ್ಪತ್ರೆಗೆ ಹೋಗುವವರು.

"ಇವತ್ತು ಮಂಗಳವಾರ ಅಲ್ವಾ ಡಾಕ್ಟ್ರೇ?"

"ಹೌದು. ಆದರೆ ಇದಕ್ಕೆ ಕಡ್ಡಾಯ ಹಾಜರಿ ಅಂತ ಆರ್ಡರ್ ಬಂದಿದೆ."

"ಮತ್ತೆ ಘಟ್ಟ ಇಳಿದು ಬಂದವರು?"

"ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೇನೆ" ಅಂದರು. ಅಷ್ಟರಲ್ಲಿ ಊಟಕ್ಕೆ ಕರೆದರು. ಬಂಗಡೆ ಫ್ರೈ ಬಿಸಿ ಬಿಸಿ ಇತ್ತು.