ಆಕ್ಸ್‌ಫರ್ಡ್‌ಗೆ ಅಂತ ಹೊರಟು ಅಂಗಡಿ ಸುತ್ತಿದ ಶನಿವಾರ

ಶಾಪಿಂಗ್ ಮಾಡೋ ಆಸೆ ಇದ್ರೆ ಮೊದಲೇ ಬಾಯಿಬಿಟ್ಟು ಹೇಳಬೇಕಪ್ಪ. ಆಕ್ಸ್‌ಫರ್ಡ್ ನೋಡೋಣ ಅಂತ ತಲೆ ಆಡಿಸಿ, ದಾರಿ ಮಧ್ಯೆ ಇಳಿದು ಇಡೀ ದಿನ ಹಾಳು ಮಾಡೋದು ಯಾವ ನ್ಯಾಯ?

ವಾಟ್ಸ್‌ಆಪ್ ಗ್ರೂಪಲ್ಲಿ ಎಲ್ಲ ಟೈಮಿಂಗ್ ಹಾಕಿದ್ದೆ. ನವೆಂಬರ್ ತಿಂಗಳು, ನಾಲ್ಕು ಗಂಟೆ ದಾಟಿದ್ರೆ ಇಲ್ಲಿ ಕತ್ತಲು, ಐದಕ್ಕೆ ಆಶ್ಮೋಲಿಯನ್ ಮ್ಯೂಸಿಯಂ ಬಾಗಿಲು ಹಾಕ್ತಾರೆ, ಬೇಗ ಹೊರಡಲೇಬೇಕು ಅಂತ ಬರೆದಿದ್ದೆ. ಎಲ್ಲರೂ ಓಕೆ ಅಂದ್ರು. ಬೆಳಗ್ಗೆ ನೋಡಿದ್ರೆ ಒಬ್ಬ 'ಈಗಷ್ಟೇ ಎದ್ದೆ' ಅಂತಾನೆ! ಗ್ರೂಪ್ ಟಿಕೆಟ್ ಅದು. ಕಡೇಪಕ್ಷ ಮೂರು ಜನ ಒಟ್ಟಿಗೆ ಪ್ರಯಾಣ ಮಾಡಿದ್ರೆ ದರದಲ್ಲಿ ಮೂರನೇ ಒಂದು ಭಾಗ ಕಡಿಮೆ, ಬಿಟ್ಟು ಹೋದ್ರೆ ಆ ರಿಯಾಯಿತಿ ಇಲ್ಲ. ಹಾಗಾಗಿ ಅವನು ಬರೋವರೆಗೂ ಲಂಡನ್ನಿನ ಮ್ಯಾರಿಲಬೋನ್ ಸ್ಟೇಷನ್ನಲ್ಲಿ ಚಳಿಗೆ ನಡುಗ್ತಾ ನಿಂತ್ವಿ.

ಅಲ್ಲಿಂದ ಆಕ್ಸ್‌ಫರ್ಡ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ. ನಡುವೆ ಬಿಸ್ಟರ್ ವಿಲೇಜ್ ಬರತ್ತೆ, ಸ್ಟೇಷನ್ ಪಕ್ಕದಲ್ಲೇ ಸಾಲುಸಾಲು ಬ್ರಾಂಡೆಡ್ ಅಂಗಡಿಗಳು. 'ಅರ್ಧ ಗಂಟೆ ಕಣೇ, ಒಂದು ಬ್ಯಾಗ್ ನೋಡ್ಕೊಂಡು ಬಂದ್ಬಿಡೋಣ' ಅಂತ ಎಲ್ಲರೂ ಎದ್ದು ಇಳಿದೇಬಿಟ್ರು. ಟಿಕೆಟ್ ಒಟ್ಟಿಗಿರೋವಾಗ ನಾನೊಬ್ಬಳೇ ಮುಂದೆ ಹೋಗೋದು ಹೇಗೆ? ಇಳಿದೆ.

ಒಬ್ಬಳು ಎರಡು ಭುಜಕ್ಕೂ ಒಂದೊಂದು ಬ್ಯಾಗ್ ಹಾಕ್ಕೊಂಡು ದಾವಣಗೆರೆಗೆ ವಿಡಿಯೋ ಕಾಲ್ ಮಾಡಿದಳು, ಯಾವ ಬಣ್ಣ ಚೆನ್ನಾಗಿದೆ ಅಂತ ಅತ್ತಿಗೆಯನ್ನ ಕೇಳೋಕೆ. ಅತ್ತಿಗೆ ಅಮ್ಮನ್ನ ಕರೆದ್ರು. ಅಮ್ಮ ಕನ್ನಡಕ ಹುಡುಕೋಕೆ ಹೋದ್ರು. ಅಂಗಡಿ ಹುಡುಗಿ ಕೈಕಟ್ಟಿ ಕಾಯ್ತಿದ್ದಾಳೆ, ನಾನು ಗಡಿಯಾರ ನೋಡ್ತಿದೀನಿ. ಕೊನೆಗೆ ಬ್ಯಾಗ್ ತಗೊಳ್ಳಲೂ ಇಲ್ಲ!

ಆಕ್ಸ್‌ಫರ್ಡ್‌ನಲ್ಲಿ ಕಾಲಿಟ್ಟಾಗ ಮೂರು ಗಂಟೆ ಮೇಲಾಗಿತ್ತು. ಬಾಡ್ಲಿಯನ್ ಲೈಬ್ರರಿಯ ಗೈಡೆಡ್ ಟೂರ್ ಮುಗಿದೇ ಹೋಗಿತ್ತು. ಎಲ್ಲರ ಟಿಕೆಟ್ಟಿಗೂ ದುಡ್ಡು ಕಟ್ಟಿದ್ದು ನಾನು. 1602ರಲ್ಲಿ ತೆರೆದ ಲೈಬ್ರರಿ ಅದು. ಅದರ ಮಹಡಿ ಮೇಲಿರೋ ಡ್ಯೂಕ್ ಹಂಫ್ರಿ ವಾಚನಾಲಯ ಅದಕ್ಕಿಂತಲೂ ಹಳೇದು, 15ನೇ ಶತಮಾನದ್ದು. ಒಳಗೆ ಬೆಂಕಿ ತರಲ್ಲ, ಹಚ್ಚಲ್ಲ ಅಂತ ಹೊಸ ಓದುಗರು ಇವತ್ತಿಗೂ ಪ್ರಮಾಣ ಮಾಡಬೇಕು. ಆ ಮರದ ಕಪಾಟುಗಳ ನಡುವೆ ಐದು ನಿಮಿಷ ನಿಲ್ಲಬೇಕು ಅಂತ ಎಷ್ಟು ಆಸೆ ಇತ್ತು ನನಗೆ.

ಇನ್ನೊಂದು ಆಕ್ಸ್‌ಫರ್ಡ್ ಯೂನಿಯನ್. ಧಾರವಾಡದಲ್ಲಿ ಓದಿ, ರೋಡ್ಸ್ ಸ್ಕಾಲರ್ ಆಗಿ ಬಂದ ನಮ್ಮ ಗಿರೀಶ ಕಾರ್ನಾಡರು 1962-63ರಲ್ಲಿ ಅಧ್ಯಕ್ಷರಾಗಿದ್ದ ಚರ್ಚಾಸಂಘ. ಹೊರಗಿನಿಂದಾದ್ರೂ ನೋಡೋಣ ಬನ್ರೋ ಅಂದೆ. 'ಹೊರಗಿನಿಂದ ಗೋಡೆ ನೋಡಿ ಏನ್ ಮಾಡ್ತೀಯ, ಕಾಫಿ ಕುಡಿಯೋಣ' ಅಂದ್ರು. ಕನ್ನಡದವರೇ ಹೀಗಂದ್ರೆ ಹೊಟ್ಟೆ ಉರಿಯಲ್ವಾ?

ಆಮೇಲೆ ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಅನ್ನೋ ಕಟ್ಟಡದ ಮುಂದೆ ಫೋಟೋ. 'ಈ ದುಂಡು ಕಟ್ಟಡ ಏನೇ, ಚರ್ಚಾ?' 1749ರಲ್ಲಿ ತೆರೆದ ಲೈಬ್ರರಿ ಅಂತ ನಾನು ಹೇಳಿ ಮುಗಿಸೋ ಅಷ್ಟರಲ್ಲಿ ಸ್ಟೇಟಸ್ ಹಾಕಿ ಆಗಿತ್ತು. ಆಶ್ಮೋಲಿಯನ್‌ಗೆ ಒಬ್ಬಳೇ ಓಡಿದೆ. ಪುಕ್ಕಟೆ ಪ್ರವೇಶ ಇರೋ ಅಷ್ಟು ದೊಡ್ಡ ಮ್ಯೂಸಿಯಂನಲ್ಲಿ ಒಂದೆರಡು ಕೋಣೆ ನೋಡೋದ್ರೊಳಗೆ ಹೊರಗೆ ಕಳಿಸಿದ್ರು.

ವಾಪಸ್ ರೈಲಲ್ಲಿ ಮುಖ ಊದಿಸ್ಕೊಂಡು ಕೂತಿದ್ದಕ್ಕೆ 'ಕಟ್ಟಡಗಳು ಎಲ್ಲಿಗೂ ಓಡಿಹೋಗಲ್ಲ, ಯಾಕಿಷ್ಟು ಸೀರಿಯಸ್ಸು' ಅಂತ ನನಗೇ ಬುದ್ಧಿವಾದ. ಕಟ್ಟಡ ಹೋಗಲ್ಲ, ನಾನು ಹೋಗ್ತೀನಿ. ಮಾರ್ಚಲ್ಲಿ ಪ್ರಾಜೆಕ್ಟ್ ಮುಗಿಯತ್ತೆ, ಬೆಂಗಳೂರಿಗೆ ವಾಪಸ್. ಇದು ಅವರೆಲ್ಲರಿಗೂ ಗೊತ್ತು.

ಟೂರಿನ ದುಡ್ಡು ಇನ್ನೂ ಯಾರೂ ಕಳಿಸಿಲ್ಲ. ಬರೋ ಶನಿವಾರಕ್ಕೆ ಒಂದೇ ಟಿಕೆಟ್ ಬುಕ್ ಮಾಡಿದೀನಿ, ಪೂರ್ತಿ ದರ ಕೊಟ್ಟು. ಗ್ರೂಪಲ್ಲಿ ಹಾಕಿಲ್ಲ, ಹಾಕೋದೂ ಇಲ್ಲ.