ಮೈಕಿನಲ್ಲಿ ಹೇಳುವ ಮಾತೇ ಅದು?

"ಪಿಟೀಲಿನವರಿಗೆ ಸ್ವಲ್ಪ ವಿಶ್ರಾಂತಿ ಬೇಕಂತೆ."

ಇಷ್ಟೇ. ನಿನ್ನೆ ರಾಮೋತ್ಸವದ ಸಂಗೀತ ಕಚೇರಿಯಲ್ಲಿ, ನಾನು ಪಕ್ಕವಾದ್ಯವಾಗಿ ಪಿಟೀಲು ನುಡಿಸುತ್ತಿದ್ದಾಗ ಗಾಯಕರು ಹೇಳಿದ್ದು. ಅವರು ಆಗಲೇ ಮರೆತಿರುತ್ತಾರೆ. ನಾನು ಮಾತ್ರ ಬಲ ಮಗ್ಗುಲಿಗೆ ಹೊರಳಲಾರದೆ, ತೋಳಿನ ಕೆಳಗೆ ದಿಂಬು ಕೊಟ್ಟು ಅಂಗಾತ ಮಲಗಿ, ರಾತ್ರಿಯೆಲ್ಲ ಅದೇ ಮಾತನ್ನು ಕೇಳಿಸಿಕೊಂಡಿದ್ದೇನೆ. ಬೆಳಿಗ್ಗೆ ಯಜಮಾನರಿಗೆ ಹೇಳಿದರೆ, "ಅದರಲ್ಲೇನಿದೆ, ತಮಾಷೆಗೆ ಅಂದಿರುತ್ತಾರೆ" ಎಂದು ಪೇಪರ್ ಮಗುಚಿದರು. ತಮಾಷೆಯೇ ಇರಬಹುದು. ಹಾಗಿದ್ದರೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಬಹುದಿತ್ತಲ್ಲ? ಮೈಕಿನಲ್ಲಿ ಏಕೆ ಹೇಳಬೇಕಿತ್ತು?

ಬಸ್ಸಿನಲ್ಲಿ ನನ್ನ ಬಲ ಭುಜದ ಕೀಲು ತಪ್ಪಿದ ಕಥೆಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ, ಗೊತ್ತಿದ್ದವರಿಗೆಲ್ಲ ಗೊತ್ತಿದೆ. ಆ ಚಾಲಕನ ಮೇಲೂ ಈಗ ನನಗೆ ಸಿಟ್ಟಿಲ್ಲ, ಅವನೆದುರಿಗೆ ನಾಯಿ ಅಡ್ಡ ಬಂದಿತ್ತು. ಸಿಟ್ಟಿರುವುದು ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವರಂತೆ ನಡೆದುಕೊಂಡವರ ಮೇಲೆ.

ನಾನು ಮೊದಲೇ ಹೇಳಿದ್ದೆ. ರಾಮಮಂದಿರದ ಕಾರ್ಯದರ್ಶಿಗಳು ಫೋನ್ ಮಾಡಿದಾಗ ಒಂದಕ್ಷರ ಮುಚ್ಚಿಡದೆ ಹೇಳಿದ್ದೆ. "ಸರ್, ಭುಜದ ಕೀಲು ತಪ್ಪಿತ್ತು, ಇನ್ನೂ ಪೂರ್ತಿ ಬಲ ಬಂದಿಲ್ಲ. ಎರಡು ಗಂಟೆಯ ಕಚೇರಿಯಾದರೆ ನುಡಿಸುತ್ತೇನೆ, ಅದಕ್ಕೂ ಹೆಚ್ಚಾದರೆ ದಯವಿಟ್ಟು ಬೇರೆಯವರನ್ನು ಕರೆಯಿರಿ" ಎಂದಿದ್ದೆ. "ಅಯ್ಯೋ ಅದಕ್ಕೇನಮ್ಮ, ನಮ್ಮದು ಪುಟ್ಟ ರಾಮೋತ್ಸವ, ಒಂಬತ್ತಕ್ಕೆ ಮಂಗಳ ಹಾಡಿಬಿಡುತ್ತೇವೆ" ಎಂದವರು ಅವರೇ. ಆರೂವರೆಗೆ ಶುರುವಾಗಬೇಕಾದ ಕಚೇರಿ ಭಾಷಣಗಳೆಲ್ಲ ಮುಗಿದು ಶುರುವಾಗಿದ್ದು ಏಳೂಕಾಲಿಗೆ. ಆ ಭಾಷಣದಲ್ಲಿ ಚೌಡಯ್ಯನವರ ಹೆಸರನ್ನು ಎಷ್ಟು ಸಲ ಎತ್ತಿದರು! ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡವರು, ನಮ್ಮ ತಿರುಮಕೂಡಲಿನವರು, 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಪಡೆದವರು, ಮಲ್ಲೇಶ್ವರದಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದಲ್ಲೇ ಸಭಾಂಗಣ ಇದೆ, ಅದು ಇದು. ಎಲ್ಲವೂ ನಿಜ. ನಾನೂ ಕೈಮುಗಿದು ಕೇಳಿದೆ. ಪಿಟೀಲಿಗೆ ಇಷ್ಟು ಗೌರವ ಕೊಡುವ ಜಾಗದಲ್ಲಿ ಕೂತಿದ್ದೇನೆ ಎಂದು ಸಂತೋಷವೂ ಆಯಿತು. ಭಾಷಣ ಮಾಡಿದವರು ಅದೇ ಕಾರ್ಯದರ್ಶಿಗಳು.

ಒಂಬತ್ತಕ್ಕೆ ಮಂಗಳ ಎಂದಿದ್ದರಲ್ಲ, ಒಂಬತ್ತಕ್ಕೆ ಗಾಯಕರು ತೋಡಿಯಂಥ ದೊಡ್ಡ ರಾಗ ಎತ್ತಿಕೊಂಡರು.

ಸಂಗೀತ ಬಲ್ಲವರಿಗೆ ವಿವರಿಸಬೇಕಿಲ್ಲ, ಆದರೂ ಬರೆಯುತ್ತೇನೆ, ಏಕೆಂದರೆ ನಕ್ಕವರೂ ಸಂಗೀತ ಬಲ್ಲವರೇ. ನಾವು ಕುಳಿತು ನುಡಿಸುವಾಗ ಪಿಟೀಲಿನ ತಲೆ ಬಲಪಾದದ ಮೇಲಿರುತ್ತದೆ, ಬುಡ ಎದೆಗೆ ಒತ್ತಿಕೊಂಡಿರುತ್ತದೆ. ಎಡಗೈಯ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ, ಬೆರಳು ಓಡುತ್ತದೆ, ಜಾರುತ್ತದೆ, ಗಮಕ ಕಾಣುತ್ತದೆ. ನಾದ ಹುಟ್ಟುವುದು ಮಾತ್ರ ಕಮಾನು ಹಿಡಿದ ಬಲಗೈಯಿಂದ, ಆ ಕೈಯ ಬಲವೆಲ್ಲ ಬರುವುದು ಭುಜದಿಂದ. ಮೇಲಿನ ಪಂಚಮದ ತಂತಿಯಲ್ಲಿ ನುಡಿಸುವಾಗ ಮೊಣಕೈ ಮೈಗೆ ಹತ್ತಿರವೇ ಇರಬಹುದು. ಮಂದ್ರದ, ಎಂದರೆ ಕೆಳಗಿನ ಸ್ವರಗಳ, ದಪ್ಪ ತಂತಿಗೆ ಹೋಗಬೇಕಾದರೆ ಮೊಣಕೈ ಪಕ್ಕೆ ಬಿಟ್ಟು ಏಳಲೇಬೇಕು, ತೋಳು ಹೊರಗೆ ತೆರೆದುಕೊಳ್ಳಲೇಬೇಕು. ನನ್ನ ಭುಜ ಹೆದರುವುದು ಸರಿಯಾಗಿ ಅದಕ್ಕೇ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದಿದ್ದ ತೋಳು ಹೊರಕ್ಕೆ ತಿರುಚಿಕೊಂಡೇ ಕೀಲಿನ ಗುಂಡು ಮುಂದಕ್ಕೆ ಜಾರಿದ್ದು.

ಮೂಳೆ ವೈದ್ಯರು ಎಕ್ಸ್‌ರೇ ಹಿಡಿದು ತೋರಿಸಿದ್ದರು. ಭುಜದ ಕೀಲು ಎಂದರೆ ಸಾಸರಿನ ಮೇಲಿಟ್ಟ ನಿಂಬೆಹಣ್ಣು, ಗುಂಡು ದೊಡ್ಡದು, ಅದು ಕೂರುವ ಜಾಗ ಸಣ್ಣದು, ಆಳವೂ ಇಲ್ಲ. ಅದಕ್ಕೇ ತೋಳು ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ದೇಹದ ದೊಡ್ಡ ಕೀಲುಗಳಲ್ಲೆಲ್ಲ ಅತಿ ಹೆಚ್ಚು ತಪ್ಪುವುದೂ ಇದೇ. ಕೂರಿಸಿದ ಮೇಲೂ ಅಂಚಿನ ಮೃದ್ವಸ್ಥಿ ಹರಿದಿರಬಹುದು, ನಲವತ್ತು ದಾಟಿದವರಲ್ಲಿ ಸ್ನಾಯುರಜ್ಜು ಹರಿಯುವ ಸಂಭವವೂ ಹೆಚ್ಚು. ಕೀಲು ಕೂರಿಸುವ ಮುಂಚೆ ಅವರು ನನ್ನ ತೋಳಿನ ಹೊರಭಾಗವನ್ನು ಬೆರಳಿನಿಂದ ಸವರಿ "ಸ್ಪರ್ಶ ಗೊತ್ತಾಗುತ್ತಿದೆಯೇ?" ಎಂದು ಕೇಳಿದ್ದರು. ನರಕ್ಕೆ ಪೆಟ್ಟಾಗಿದ್ದರೆ ಅಲ್ಲಿ ಜೋಮು ಹಿಡಿದಿರುತ್ತದಂತೆ. ಗೊತ್ತಾಗುತ್ತಿದೆ ಎಂದು ಹೇಳುವಾಗ ನಾನು ಅತ್ತುಬಿಟ್ಟೆ, ನೋವಿಗಲ್ಲ.

ಇದೆಲ್ಲ ನಕ್ಕವರಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಗಾಯಕರಿಗೆ ಗೊತ್ತಿತ್ತು. ಗ್ರೀನ್ ರೂಮಿನಲ್ಲಿ ಕಾಫಿ ಕುಡಿಯುತ್ತ ಅವರೇ "ಭುಜ ಹೇಗಿದೆಯಮ್ಮ?" ಎಂದು ಕೇಳಿದ್ದರು.

ತೋಡಿಯ ಆಲಾಪನೆಯಲ್ಲಿ ಅವರು ಮಂದ್ರಕ್ಕೆ ಇಳಿದು ಅಲ್ಲಿಯೇ ನಿಂತರು. ಚೆನ್ನಾಗಿಯೇ ಹಾಡಿದರು, ಅದನ್ನೇಕೆ ಅಲ್ಲಗಳೆಯಲಿ. ಹಿಂಬಾಲಿಸುವುದು ನನ್ನ ಧರ್ಮ, ಹಿಂಬಾಲಿಸಿದೆ. ನನ್ನ ಸರದಿ ಬಂದಾಗ ಚಿಕ್ಕದಾಗಿಯಾದರೂ ಪೂರ್ತಿ ಆಲಾಪನೆ ಮಾಡಿದೆ, ಮಂದ್ರವನ್ನೂ ಬಿಡಲಿಲ್ಲ. ಆಮೇಲೆ ಕೃತಿ, ಅದರ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್, ಎರಡು ವೇಗದಲ್ಲಿ ಸ್ವರ. ಅವರು ಹಾಕಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಗಡಿಯಾರ ಒಂಬತ್ತೂಮುಕ್ಕಾಲು ದಾಟಿತ್ತು. ಒಂದು ಉದ್ದ ಕಮಾನು ಎಳೆಯುವಾಗ ಭುಜದ ಮುಂಭಾಗದಲ್ಲಿ ಏನೋ ಜಾರಲು ಹೊರಟಂತಾಯಿತು. ನೋವಲ್ಲ ಅದು. ನೋವಾದರೆ ಹಲ್ಲು ಕಚ್ಚಿಕೊಂಡು ನುಡಿಸುತ್ತಿದ್ದೆ. ಕೀಲು ಒಮ್ಮೆ ತಪ್ಪಿದವರಿಗೆ ಮಾತ್ರ ಆ ಭಯ ಅರ್ಥವಾಗುತ್ತದೆ, ಇನ್ನೊಂದು ಚೂರು ಎತ್ತಿದರೆ ಹೊರಗೆ ಬಂದೇಬಿಡುತ್ತದೆ ಎಂದು ಮೈಯೇ ಹೇಳುತ್ತದೆ. ನಾನು ಕಮಾನನ್ನು ಮಡಿಲಲ್ಲಿ ಇಟ್ಟುಕೊಂಡೆ. ಕಣ್ಣಿನಲ್ಲೇ ಸನ್ನೆ ಮಾಡಿದೆ. ಮೃದಂಗದ ವಿದ್ವಾಂಸರು ತಕ್ಷಣ ಅರ್ಥ ಮಾಡಿಕೊಂಡರು. ನನ್ನ ಪಾಲಿನ ತಾಳದ ಸುತ್ತನ್ನು ತಾವೇ ತುಂಬಿ, ಯಾರಿಗೂ ಖಾಲಿ ಕಾಣದಂತೆ ಮುಚ್ಚಿಬಿಟ್ಟರು. ಆ ಪುಣ್ಯಾತ್ಮರಿಗೆ ನಾನು ಜನ್ಮವಿಡೀ ಋಣಿ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿದೇ ಹೋಗಿತ್ತು. ಸಭೆಯಲ್ಲಿ ಮುಕ್ಕಾಲು ಪಾಲು ಜನ ಗಮನಿಸಿಯೂ ಇರಲಿಲ್ಲ. ಆಗ ಗಾಯಕರು ತಾಳ ಹಾಕುತ್ತಿದ್ದ ಕೈ ನಿಲ್ಲಿಸದೆಯೇ ನನ್ನ ಕಡೆ ತಿರುಗಿದರು, ನಕ್ಕರು, ಮತ್ತೆ ಮೈಕಿಗೆ ತಿರುಗಿದರು, ಆ ಮಾತು ಹೇಳಿದರು. ಮುಂದಿನ ಸಾಲಿನಲ್ಲಿ ಒಬ್ಬರು ಮೊದಲು ನಕ್ಕರು. ಅವರನ್ನು ನೋಡಿ ಉಳಿದವರು. ಹಿಂದೆ ಕುಳಿತವರು ಏನಂತೆ ಏನಂತೆ ಎಂದು ಪಕ್ಕದವರನ್ನು ಕೇಳಿಕೊಂಡು ತಡವಾಗಿ ನಕ್ಕರು. ಒಂದೇ ಸಲ ನಕ್ಕಿದ್ದರೆ ಒಂದೇ ಸಲ ಮುಗಿಯುತ್ತಿತ್ತು. ಸಾಲಿನಿಂದ ಸಾಲಿಗೆ ಹೋಗುವ ನಗುವನ್ನು ವೇದಿಕೆಯ ಮೇಲೆ ಕುಳಿತು ನೋಡಬೇಕಾಯಿತು. ನನ್ನ ಗುರುಗಳ ಮನೆಯಲ್ಲಿ ನನ್ನ ಜೊತೆಯಲ್ಲೇ ಪಾಠ ಹೇಳಿಸಿಕೊಂಡವರೊಬ್ಬರು ಮೂರನೆಯ ಸಾಲಿನಲ್ಲಿದ್ದರು. ಅವರೂ ನಕ್ಕರು. ನಾನೂ ನಕ್ಕೆ! ನಗದೆ ಇನ್ನೇನು ಮಾಡಲಿ, ದೀಪದ ಬೆಳಕೆಲ್ಲ ಮುಖದ ಮೇಲಿತ್ತು.

ಆಮೇಲೆ ತನಿ ಬಿಟ್ಟರು, ಎಂದರೆ ಮೃದಂಗಕ್ಕೇ ಮೀಸಲಾದ ಸರದಿ. ತನಿ ಆವರ್ತನ ನಡೆಯುವಷ್ಟು ಹೊತ್ತೂ ಪಿಟೀಲು ಮಡಿಲಲ್ಲೇ ಇರುತ್ತದೆ, ಎಲ್ಲ ಕಚೇರಿಯಲ್ಲೂ ಇರುತ್ತದೆ, ಅದಕ್ಕೆ ಯಾರೂ ನಗುವುದಿಲ್ಲ. ಎರಡು ನಿಮಿಷ ಮುಂಚೆ ಇಟ್ಟರೆ ನಗೆಪಾಟಲು.

ಊಟದ ಎಲೆಯ ಮುಂದೆ ಇನ್ನೊಂದು ಕಾದಿತ್ತು. ಕಾರ್ಯದರ್ಶಿಗಳು ಬಂದು, "ಏನಮ್ಮ, ನೋಡಿದರೆ ಚೆನ್ನಾಗಿಯೇ ಇದ್ದೀರಿ, ಕೊರಳಿಗೆ ಕೈ ತೂಗುಹಾಕುವ ಪಟ್ಟಿಯೂ ಇಲ್ಲ. ನಮ್ಮ ಕುಂಬ್ಳೆ ದವಡೆ ಮುರಿದರೂ ಬ್ಯಾಂಡೇಜ್ ಕಟ್ಟಿಕೊಂಡು ಬೌಲ್ ಮಾಡಲಿಲ್ಲವೇ?" ಎಂದರು. ಪಕ್ಕದ ಎಲೆಯವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ಬಾಯಲ್ಲಿ ಅನ್ನ ಇತ್ತು, ಉತ್ತರ ಕೊಡಲಾಗಲಿಲ್ಲ. ಈಗ ಕೊಡುತ್ತೇನೆ. ಸ್ವಾಮಿ, 2002ರಲ್ಲಿ ಆಂಟಿಗಾದಲ್ಲಿ ಮುರಿದದ್ದು ದವಡೆ. ಬೌಲ್ ಮಾಡುವುದು ದವಡೆಯಿಂದಲ್ಲ. ಅದೇ ಕುಂಬ್ಳೆಯವರ ಭುಜ ಕೆಟ್ಟಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗಿದ್ದರು, 2001ರ ಆಸ್ಟ್ರೇಲಿಯಾ ಸರಣಿಯನ್ನು ಆಡಲೇ ಇಲ್ಲ. ಆಗ ಅವರಿಗೆ ವಿಶ್ರಾಂತಿ ಬೇಕಂತೆ ಎಂದು ಯಾರಾದರೂ ಮೈಕಿನಲ್ಲಿ ನಕ್ಕರೇ? ಭುಜ ಎಂದರೇನು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ, ಅವರನ್ನೇ ತಂದು ನನ್ನ ತಲೆಗೆ ಕುಟ್ಟುತ್ತೀರಲ್ಲ!

ಪಟ್ಟಿ ಇಲ್ಲವಂತೆ. ಪಟ್ಟಿ ತೆಗೆದ ದಿನದಿಂದಲೇ ನಿಜವಾದ ಕಷ್ಟ ಶುರುವಾಗುವುದು ಎಂದು ಇವರಿಗೆ ಯಾರು ಹೇಳಬೇಕು? ಪಟ್ಟಿ ಇದ್ದಾಗ ಬಸ್ಸಿನಲ್ಲಿ ಸೀಟು ಕೊಡುತ್ತಿದ್ದರು, ತರಕಾರಿಯವನೂ ಚೀಲವನ್ನು ತಾನೇ ಎತ್ತಿಕೊಡುತ್ತಿದ್ದ. ಈಗ ಮೇಜಿಗೆ ಎಡಗೈ ಊರಿ ಬಾಗಿ ಬಲಗೈಯನ್ನು ಜೋತುಬಿಟ್ಟು ಸುಮ್ಮನೆ ಸುತ್ತ ಆಡಿಸುತ್ತೇನೆ. ಗೋಡೆಯ ಮೇಲೆ ಬೆರಳುಗಳಿಂದ ತೆವಳುತ್ತ ಕೈಯನ್ನು ಮೇಲೇರಿಸುತ್ತೇನೆ, ಏರಿದಲ್ಲಿಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತೇನೆ. ಕಂಕುಳ ಸಂದಿಯಲ್ಲಿ ಮಡಿಚಿದ ಟವೆಲ್ ಇಟ್ಟುಕೊಂಡು, ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಯನ್ನು ಎಳೆಯುತ್ತೇನೆ, ಟವೆಲ್ ಬೀಳಬಾರದು. ಜಡೆ ಹೆಣೆಯಲು ಇನ್ನೂ ಮಗಳು ಬೇಕು. ಕಮಾನು ಮುಟ್ಟಬಾರದೆಂದಿದ್ದಾಗ ಎಡಗೈಯಾದರೂ ಮರೆಯದಿರಲಿ ಎಂದು ಬರಿಯ ಬೆರಳಿನಲ್ಲಿ ವರ್ಣಗಳನ್ನು ಸಾಧನೆ ಮಾಡುತ್ತಿದ್ದೆ, ಸದ್ದೇ ಇಲ್ಲದ ಸಂಗೀತ. ಇದನ್ನೆಲ್ಲ ಮಾಡಿಯೇ ನಾನು ನಿನ್ನೆ ಆ ವೇದಿಕೆ ಹತ್ತಿದ್ದು.

ಇನ್ನು ಸಂಭಾವನೆಯ ಕವರಿನ ವಿಷಯ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ, ಬರೆಯುತ್ತೇನೆ. 3,000 ರೂಪಾಯಿ ಎಂದು ಮಾತಾಗಿತ್ತು. ಮನೆಗೆ ಬಂದು ಒಡೆದರೆ 1,500 ಇತ್ತು. ಫಲತಾಂಬೂಲ ಇತ್ತು, ಶಾಲು ಇತ್ತು, ದೇವರ ಪ್ರಸಾದ ಇತ್ತು. ಮಧ್ಯದಲ್ಲಿ ಕಮಾನು ಇಟ್ಟಿದ್ದಕ್ಕೆ ಅರ್ಧ ಹಿಡಿದುಕೊಂಡರೇ? ಎರಡು ಗಂಟೆಯ ಮಾತಿಗೆ ಎರಡೂವರೆ ಗಂಟೆ ನುಡಿಸಿದ್ದಕ್ಕೆ ಅರ್ಧ?

ಅವರನ್ನು ದೂರಿ ಏನು ಪ್ರಯೋಜನ ಎಂದೂ ಅನ್ನಿಸುತ್ತದೆ. ಬಡಾವಣೆಯ ರಾಮಮಂದಿರ, ಮನೆ ಮನೆಯ ಚಂದಾ ಎತ್ತಿ ಹತ್ತು ದಿನ ಸಂಗೀತ ನಡೆಸುತ್ತಾರೆ, ಪೆಂಡಾಲಿನ ಬಾಡಿಗೆಯೇ ತಲೆ ಮೇಲಿರುತ್ತದೆ. ಅವರಿಲ್ಲದಿದ್ದರೆ ನಮ್ಮಂಥ ಪಕ್ಕವಾದ್ಯದವರನ್ನು ಕರೆಯುವವರಾದರೂ ಯಾರು? ಗಾಯಕರೂ ಕೆಟ್ಟವರಲ್ಲ, ನಾನು ಪಟ್ಟಿ ಹಾಕಿಕೊಂಡಿದ್ದಾಗ ಮನೆಗೆ ಬಂದು ಹಣ್ಣು ಕೊಟ್ಟು ಹೋಗಿದ್ದರು. ಇದನ್ನೆಲ್ಲ ನೆನೆಸಿಕೊಂಡು ಬೆಳಿಗ್ಗೆ ಹತ್ತು ಗಂಟೆಗೆ ಆಯಿತು, ಬಿಟ್ಟುಬಿಡೋಣ ಎಂದುಕೊಂಡೆ. ಹನ್ನೊಂದಕ್ಕೆ ಮತ್ತೆ ಆ ನಗು ಕೇಳಿಸಿತು. ಬಿಡುವುದಿಲ್ಲ. ಹಣ್ಣು ಕೊಟ್ಟವರೇ ಹಾಗೆ ಹೇಳಿದರು ಎಂಬುದೇ ಹೆಚ್ಚು ಉರಿಯುತ್ತದೆ.

ನಮ್ಮ ಕೈಗೆ ಹಿಂದೆ ಮುಂದೆ ಯಾರಿದ್ದಾರೆ ಹೇಳಿ. ಆಫೀಸಿನ ನೌಕರರಿಗೆ ರಜೆ ಇದೆ, ಸಂಬಳ ಇದೆ. ನಮಗೆ ನುಡಿಸಿದ ದಿನ ಕವರು, ನುಡಿಸದ ದಿನ ಏನೂ ಇಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನನಗೂ ಇದೆ, ಕೀಲು ತಪ್ಪಿದಾಗ ಆಸೆಯಿಂದ ಹೋಗಿ ವಿಚಾರಿಸಿದೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಒಂದು ಕೈ ಶಾಶ್ವತವಾಗಿ ಹೋದರೆ 1 ಲಕ್ಷ. ಕೈ ಇದ್ದೂ ತಿಂಗಳುಗಟ್ಟಲೆ ಕಮಾನು ಹಿಡಿಯಲಾಗದಿದ್ದರೆ ಏನೂ ಇಲ್ಲ. ಕೌಂಟರಿನ ಹುಡುಗಿ ಪಾಪ ಮೃದುವಾಗಿಯೇ ಹೇಳಿದಳು, "ನಿಮ್ಮ ಕೈ ಇದೆಯಲ್ಲ ಮೇಡಂ." ಹೌದು, ಇದೆ. ಆ ತಿಂಗಳುಗಳಲ್ಲಿ ಮನೆ ನಡೆದದ್ದು ಪಾಠದ ಫೀಸಿನಿಂದ. ಅಮೆರಿಕದಲ್ಲಿರುವ ನಮ್ಮವರ ಮಕ್ಕಳಿಗೆ ನಸುಕಿನಲ್ಲಿ ಪರದೆಯ ಮುಂದೆ ಕುಳಿತು, ನುಡಿಸಿ ತೋರಿಸಲಾಗದೆ ಹಾಡಿ ಹಾಡಿ ಹೇಳಿಕೊಟ್ಟೆ. ಆ ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ಎಂಟು ವರ್ಷದ ಹುಡುಗನೊಬ್ಬ ಪ್ರತಿ ಪಾಠದ ಕೊನೆಗೂ "ಭುಜ ಇವತ್ತು ಎಷ್ಟು ಮೇಲೆ ಹೋಯಿತು ಟೀಚರ್?" ಎಂದು ಕೇಳುತ್ತಿದ್ದ, ಗೋಡೆಯ ಗೀಟನ್ನು ಕ್ಯಾಮೆರಾದಲ್ಲಿ ತೋರಿಸಬೇಕಿತ್ತು.

ನಿನ್ನೆ ಆ ಪೆಂಡಾಲಿನಲ್ಲಿ ಕುಳಿತಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಉತ್ತರ ಕೊಡಿ. ಏಕೆ ನಕ್ಕಿರಿ? ಬೈಯಲು ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕಾಗಿದೆ. ಗಾಯಕರಿಗೆ ಗಂಟಲು ಕಟ್ಟಿದರೆ ನೀವು ಬಿಸಿನೀರು ತರಿಸುತ್ತೀರಿ, ಪಾಪ ಗಂಟಲು ಕಟ್ಟಿದ್ದರೂ ಎಷ್ಟು ಹಾಡಿದರು ಎಂದು ಚಪ್ಪಾಳೆ ತಟ್ಟುತ್ತೀರಿ. ನಾನೂ ತಟ್ಟಿದ್ದೇನೆ. ಅವರ ಗಂಟಲು ಗಂಟಲು, ನಮ್ಮ ತೋಳು ತೋಳಲ್ಲವೇ? ಮೂರನೆಯ ಸಾಲಿನಲ್ಲಿದ್ದ ನೀವಾದರೂ ಹೇಳಿ, ನಾವು ಒಂದೇ ಚಾಪೆಯ ಮೇಲೆ ಕುಳಿತು ಮೊದಲ ಪಾಠದ ಸರಳೆವರಸೆ ನುಡಿಸಿದವರು.

ಇನ್ನು ಪಕ್ಕವಾದ್ಯಕ್ಕೆ ಹೋಗುವುದೇ ಬೇಡ, ಪಾಠ ಹೇಳಿಕೊಂಡು ಇದ್ದುಬಿಡೋಣ ಎಂದು ಮಧ್ಯಾಹ್ನ ನಿರ್ಧಾರ ಮಾಡಿದೆ. ಮೂರು ಗಂಟೆಗೆ ಇನ್ನೊಂದು ಸಭೆಯಿಂದ ಫೋನ್ ಬಂತು, ಮುಂದಿನ ಶನಿವಾರ ಬಿಡುವಿದೆಯೇ ಎಂದು. ಇದೆ ಎಂದುಬಿಟ್ಟೆ. ಗಾಯಕರು ಯಾರು ಎಂದೂ ಕೇಳಲಿಲ್ಲ. ಈ ಸಲ ಮಾತ್ರ ಫೋನಿನಲ್ಲಿ ಬಿಡಲಿಲ್ಲ. ಎರಡು ಗಂಟೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ, 3,000 ರೂಪಾಯಿ, ಎಲ್ಲವನ್ನೂ ಸಂದೇಶದಲ್ಲಿ ಬರೆದು ಕಳುಹಿಸಿದ್ದೇನೆ. ನೋಡಿದ್ದಾರೆ, ಇನ್ನೂ ಉತ್ತರ ಬಂದಿಲ್ಲ.

ನಿನ್ನೆಯ ಕಾರ್ಯದರ್ಶಿಗಳಿಗೂ ಬರೆದಿದ್ದೇನೆ. ಬಾಕಿ 1,500 ರೂಪಾಯಿ ನನಗೆ ಬರಬೇಕು. ಗಾಯಕರು ಇದನ್ನು ಓದುತ್ತಾರೆ ಎಂದು ಗೊತ್ತು, ಅವರಿಗೆ ಬೇರೆ ಬರೆಯುವುದಿಲ್ಲ. ಹೇಳಿದ್ದನ್ನು ಮೈಕಿನಲ್ಲಿ ಹೇಳಿದಿರಿ, ಹಿಂತೆಗೆದುಕೊಳ್ಳುವುದಾದರೆ ಅದನ್ನೂ ಮೈಕಿನಲ್ಲೇ ಹೇಳಿ.