ಕೊತಂಬರಿಗೆ ಚೌಕಾಸಿ, ಷೇರಿಗೆ ಕಣ್ಣುಮುಚ್ಚಿ

ಈಗಷ್ಟೇ ಬೆಳಗಾವಿಯ ಉದ್ಯಮಬಾಗದ ಚಹಾ ಅಂಗಡಿಯಿಂದ ಬಂದೆ, ತಲೆ ಇನ್ನೂ ಬಿಸಿ ಇದೆ. ಪಕ್ಕದ ಬೆಂಚಿನ ಮೇಲೆ ಮೂವರು ಫೌಂಡ್ರಿ ಮಾಲೀಕರು. ಒಬ್ಬರ ಉಪದೇಶ ನಡೆದಿತ್ತು: "ಎಐದಾಗ ಯಾವ ಕಂಪನಿ ಗೆದ್ರೂ ನಮಗೇನ್ರಿ? ಅವಕ್ಕ ಟ್ರಾನ್ಸ್‌ಫಾರ್ಮರ್, ಕೇಬಲ್, ಕೂಲಿಂಗ್ ಕೊಡಾವ್ರು ಸೋಲಂಗಿಲ್ಲ. ಕಣ್ಣು ಮುಚ್ಚಿ ತಗೋರಿ." ಉಳಿದಿಬ್ಬರೂ ಹೂಂ ಅಂತ ಮೊಬೈಲ್ ತೆಗೆದರು.

ಕಣ್ಣು ಮುಚ್ಚಿ! ಎರಕದಲ್ಲಿ ಸಾಸಿವೆಯಷ್ಟು ಬ್ಲೋಹೋಲ್ (ಗಾಳಿ ತೂತು) ಕಂಡರೆ ಇಡೀ ಲಾಟ್ ವಾಪಸ್ ಬರುತ್ತದೆ ಅಂತ ನನಗೆ ಯಾರಾದರೂ ಹೇಳಿಕೊಡಬೇಕಾದರೆ ಇವರೇ ಹೇಳಿಕೊಡಬೇಕು. ಗಣಪತ ಗಲ್ಲಿಯಲ್ಲಿ ಕೊತಂಬರಿ ಸಿವುಡಿಗೆ ಹತ್ತು ನಿಮಿಷ ಚೌಕಾಸಿ ಮಾಡುವ ಊರು ಇದು. ಷೇರಿಗೆ ಮಾತ್ರ ರೇಟ್ ಕೇಳುವುದೇ ಇಲ್ಲ.

ಬೇಡಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎನ್ವಿಡಿಯಾದ 72 ಜಿಪಿಯು (ಎಐ ಲೆಕ್ಕ ಮಾಡುವ ಚಿಪ್) ಇರುವ ಒಂದು ರ್‍ಯಾಕ್ ಸುಮಾರು 120 ಕಿಲೋವಾಟ್ ಎಳೆಯುತ್ತದೆ. ಅಂದರೆ ಬಟ್ಟೆ ಕಪಾಟಿನಷ್ಟು ಜಾಗದಲ್ಲಿ 10 ಎಚ್‌ಪಿಯ 16 ಪಂಪ್‌ಸೆಟ್ ಒಟ್ಟಿಗೆ ಓಡಿದಂತೆ. ಫ್ಯಾನ್ ಗಾಳಿಗೆ ಆ ಕಾವು ಇಳಿಯುವುದಿಲ್ಲ, ಚಿಪ್‌ನ ಮೇಲೇ ತಣ್ಣನೆಯ ದ್ರವ ಹರಿಸಬೇಕು. 100 ಮೆಗಾವಾಟ್‌ನ ಡೇಟಾ ಸೆಂಟರ್ ಪೂರ್ತಿ ಓಡಿದರೆ ದಿನಕ್ಕೆ 24 ಲಕ್ಷ ಯೂನಿಟ್. 1,000 ಮೆಗಾವಾಟ್‌ನ ಕ್ಯಾಂಪಸ್ ಆದರೆ ನಮ್ಮ ಕೂಡಗಿ ವಿದ್ಯುತ್ ಸ್ಥಾವರದ 800 ಮೆಗಾವಾಟ್‌ನ ಒಂದು ಘಟಕವೂ ಅದಕ್ಕೆ ಸಾಲದು. ಆರ್ಡರ್ ಬರುತ್ತವೆ, ಒಪ್ಪಿದೆ.

ಆದರೆ ಪಿಒ (ಖರೀದಿ ಆದೇಶ) ಬಂತು ಅಂದರೆ ರೊಕ್ಕ ಬಂತು ಅಂತಲೇ? ನಿಮ್ಮ ಶೆಡ್ಡಿನಲ್ಲಿ ಹಾಗೆ ಆಗಿದೆಯೇನ್ರಿ?

ಟ್ರಾನ್ಸ್‌ಫಾರ್ಮರ್ ಕಂಪನಿಯನ್ನೇ ನೋಡಿ. ಆರ್ಡರ್ ಇವತ್ತು, ಡೆಲಿವರಿ ವರ್ಷದ ಮೇಲೆ. ನಡುವೆ ತಾಮ್ರ ಕೊಳ್ಳಬೇಕು, ಕೋರಿಗೆ ಸಿಆರ್‌ಜಿಒ ಎಂಬ ವಿಶೇಷ ಉಕ್ಕು ಕೊಳ್ಳಬೇಕು. ಆ ಉಕ್ಕಿನ ದೊಡ್ಡ ಪಾಲು ಹೊರದೇಶದ್ದು, ಹಾಗಾಗಿ ಡಾಲರ್ ಏರಿದರೂ ಪೆಟ್ಟು. ಕರಾರಿನಲ್ಲಿ ಬೆಲೆ ಹೊಂದಾಣಿಕೆಯ ಷರತ್ತು ಇದ್ದರೆ ಬಚಾವು, ಇಲ್ಲದಿದ್ದರೆ ತಾಮ್ರ ಏರಿದಷ್ಟೂ ಮಾರ್ಜಿನ್ ಕರಗುತ್ತದೆ. ಮಾಲು ಟೆಸ್ಟಿಂಗ್ ಮುಗಿಸಿ ಸಿದ್ಧವಾದ ಮೇಲೆ ಗಿರಾಕಿ "ಸೈಟ್ ರೆಡಿ ಇಲ್ಲ, ಕಳಿಸಬೇಡಿ" ಅಂದರೆ ಅದು ಯಾರ್ಡಿನಲ್ಲೇ ಕೂರುತ್ತದೆ, ಬ್ಯಾಂಕಿನ ಬಡ್ಡಿ ಮಾತ್ರ ಕೂರುವುದಿಲ್ಲ. ಕಳಿಸಿದ ಮೇಲೂ ಚಾಲೂ ಆಗುವ ತನಕ ಒಂದಿಷ್ಟು ಹಣ ಹಿಡಿದಿಟ್ಟುಕೊಳ್ಳುತ್ತಾರೆ. ಇದ್ಯಾವುದೂ ಆರ್ಡರ್ ಬುಕ್ಕಿನ ಸಾವಿರ ಕೋಟಿಯ ಹೆಡ್‌ಲೈನಿನಲ್ಲಿ ಇರುವುದಿಲ್ಲ.

ಇರುವುದು ವಾರ್ಷಿಕ ವರದಿಯಲ್ಲಿ. ಅಧ್ಯಕ್ಷರ ಹಸನ್ಮುಖದ ಪುಟ ದಾಟಿಕೊಂಡು ಹಿಂದೆ ಹೋಗಿ. ಐದು ವರ್ಷದ ನಿವ್ವಳ ಲಾಭ ಕೂಡಿಸಿ, ಅದೇ ಐದು ವರ್ಷ ವ್ಯವಹಾರದಿಂದ ಬಂದ ನಗದನ್ನೂ ಕೂಡಿಸಿ. ಲಾಭ 500 ಕೋಟಿ, ನಗದು 120 ಕೋಟಿ ಅಂತಿದ್ದರೆ ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆ ನೋಡಿ: ಬಾಕಿ ವಸೂಲಿಯಲ್ಲೋ, ಗೋದಾಮಿನಲ್ಲೋ. ಬರಬೇಕಾದ ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ ಎಷ್ಟು ದಿನಕ್ಕೆ ವಸೂಲಿ ಅಂತ ತಿಳಿಯುತ್ತದೆ. 70 ಇದ್ದದ್ದು 130 ಆಗಿದ್ದರೆ ಸಾಲ ಕೊಟ್ಟು ಮಾರಾಟ ಹಿಗ್ಗಿಸಿದ್ದಾರೆಯೇ ಎಂದು ಕೇಳಲೇಬೇಕು. ಶೇ 10ಕ್ಕಿಂತ ಹೆಚ್ಚು ಆದಾಯ ಒಬ್ಬನೇ ಗಿರಾಕಿಯಿಂದ ಬಂದರೆ ಅದನ್ನು ಟಿಪ್ಪಣಿಯಲ್ಲಿ ಹೇಳಬೇಕೆಂಬ ನಿಯಮವಿದೆ, ಅದನ್ನೂ ಓದಿ. ಹಾಗೇ, ಡೇಟಾ ಸೆಂಟರ್‌ನಿಂದ ಬಂದ ಮಾರಾಟ ಒಟ್ಟಿನಲ್ಲಿ ಎಷ್ಟು? ಹೂಡಿಕೆದಾರರಿಗೆ ತೋರಿಸುವ ಪಿಪಿಟಿಯ ತುಂಬ ಎಐ, ಲೆಕ್ಕದ ಪುಟದಲ್ಲಿ ಬೀದಿದೀಪದ ಕೇಬಲ್ಲು. ಇಂಥವೂ ಇರುತ್ತವೆ.

ಇಷ್ಟೆಲ್ಲ ಸರಿ ಇದ್ದರೂ ರೇಟ್ ಕೇಳಬೇಕು. ಪ್ರತಿ ಷೇರಿಗೆ 10 ರೂಪಾಯಿ ಗಳಿಸುವ ಕಂಪನಿಯ ಷೇರು 900 ರೂಪಾಯಿ, ಅಂದರೆ 90 ಪಟ್ಟು. ಗಳಿಕೆ ವರ್ಷಕ್ಕೆ ಶೇ 25ರಂತೆ ಐದು ವರ್ಷ ತಪ್ಪದೆ ಬೆಳೆಯಿತು ಅನ್ನಿ. ಈ ಮಾತು ಸುಲಭ, ಕೆಲಸ ಸುಲಭವಲ್ಲ. ಆಗ ಗಳಿಕೆ 30.50 ರೂಪಾಯಿ. ಅಷ್ಟರಲ್ಲಿ ಹುಮ್ಮಸ್ಸು ಇಳಿದು ಜನ 30 ಪಟ್ಟು ಮಾತ್ರ ಕೊಡುತ್ತಾರೆ ಅಂದರೆ ಷೇರು 915. ಕಂಪನಿ ಮೂರು ಪಟ್ಟು ಬೆಳೆಯಿತು, ನಿಮಗೆ ಸಿಕ್ಕದ್ದು ಹದಿನೈದು ರೂಪಾಯಿ. ಠೇವಣಿಯೇ ವಾಸಿ.

"ಕೊಡಾವ್ರು ಸೋಲಂಗಿಲ್ಲ" ಅನ್ನುವವರು 2025ರ ಜನವರಿ 27ನ್ನು ನೋಡಲಿ. ಚೀನಾದ ಡೀಪ್‌ಸೀಕ್ ಕಂಪನಿ ಕಡಿಮೆ ಖರ್ಚಿನಲ್ಲಿ ಎಐ ತಯಾರಿಸಿತು ಅಂತ ಸುದ್ದಿ. ಎನ್ವಿಡಿಯಾ ಸುಮಾರು ಶೇ 17 ಬಿತ್ತು. ಅದೇ ದಿನ ಕೂಲಿಂಗ್, ಯುಪಿಎಸ್ ಮಾಡುವ ವರ್ಟಿವ್ ಶೇ 30ರ ಹತ್ತಿರ, ಕರೆಂಟು ಮಾರುವ ವಿಸ್ಟ್ರಾ ಶೇ 28. ಚಿಪ್‌ನವನಿಗಿಂತ ತಂತಿ-ನೀರಿನವರಿಗೇ ದೊಡ್ಡ ಪೆಟ್ಟು. ಯಾಕೆಂದರೆ ಎಐ ಖರ್ಚಿನ ದೊಡ್ಡ ಪಾಲು ಬರುವುದು ಮೈಕ್ರೋಸಾಫ್ಟ್, ಅಮೆಜಾನ್, ಗೂಗಲ್, ಮೆಟಾ ಥರದ ಬೆರಳೆಣಿಕೆಯ ಕಿಸೆಗಳಿಂದ. ಮುಧೋಳ, ಜಮಖಂಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಯಾಕ್ಟರಿ ಕಬ್ಬಿನ ಬಿಲ್ ತಡ ಮಾಡಿದರೆ ಟ್ರ್ಯಾಕ್ಟರ್ ಶೋರೂಮಿನವನೂ ನೊಣ ಹೊಡೆಯುತ್ತಾನೆ.

"ಆಮೇಲೆ ಮತ್ತೆ ಏರಿತಲ್ರಿ" ಅಂತೀರಿ. ಹೌದು, ಏರಿತು. ಕಾರ್ನಿಂಗ್ ಅಷ್ಟು ಬೇಗ ಏರಲಿಲ್ಲ. ಇಂಟರ್‌ನೆಟ್‌ಗೆ ಆಪ್ಟಿಕಲ್ ಫೈಬರ್ ಮಾಡುತ್ತಿದ್ದ ಆ ಕಂಪನಿಯ ಷೇರು 2000ದಲ್ಲಿ 100 ಡಾಲರ್ ದಾಟಿ, 2002ರಲ್ಲಿ 2 ಡಾಲರ್‌ಗಿಂತ ಕೆಳಗೆ ಬಂತು. ಇಂಟರ್‌ನೆಟ್ ಸುಳ್ಳಾಗಿತ್ತೇ? ಇಲ್ಲ, ಈ ಪೋಸ್ಟನ್ನು ನೀವು ಅದರಲ್ಲೇ ಓದುತ್ತಿದ್ದೀರಿ.

ನಿಜ ಹೇಳಲಾ, ಪರದೆ ಮೇಲೆ ಹಸಿರು ಓಡುವಾಗ ನನ್ನ ಬೆರಳೂ ತುರಿಸುತ್ತದೆ. ಅದಕ್ಕೇ ಇಷ್ಟು ಸಿಟ್ಟು.

"ಸರ, ಒಂದ್ ಹೆಸರು ಹೇಳ್ರಿ" ಅಂತ ಕೆಳಗೆ ಬರೀತೀರಿ, ಗೊತ್ತು. ಹೇಳಂಗಿಲ್ಲ. ನೀವೇ ಯಾವುದಾದರೂ ಕಂಪನಿಯ ಐದು ವರ್ಷದ ಲಾಭ ಒಂದು ಸಾಲಿನಲ್ಲಿ, ನಗದು ಇನ್ನೊಂದು ಸಾಲಿನಲ್ಲಿ ಬರೆದುಕೊಂಡು ಬರ್ರಿ. ಚಹಾ ನನ್ನದು.